ಮೈಗೆ ಬಾಗಿಲು ಬಂದ ಮಧ್ಯಾಹ್ನ

ಭೂಮಿ ಇನ್ನೂ ಹೊಸದಾಗಿದ್ದ, ಗಾಳಿಗೂ ಮಡಕೆಗೂ ಮಾತು ಬರುತ್ತಿದ್ದ ಕಾಲ. ಆಗ ಮನುಷ್ಯರ ಚರ್ಮದಲ್ಲಿ ಸೂಜಿಮೊನೆಯಷ್ಟೂ ತೂತಿರಲಿಲ್ಲ. ಅದೂ ಸಾಲದು ಅಂತ, ಬೆಳಗಾದರೆ ಸಾಕು, ಎಲ್ಲರೂ ಮೈತುಂಬ ಜೇನುಮೇಣ ಬಳಿದುಕೊಳ್ಳುತ್ತಿದ್ದರು. ಬಿಸಿಲು ಒಳಗೆ ಬರಬಾರದಲ್ಲ, ಅದಕ್ಕೆ. ಎಂಥ ಬುದ್ಧಿವಂತರು ನೋಡು!

ಆದರೂ ಉರಿಬಿಸಿಲಲ್ಲಿ ಓಡಿದವರು ಉಳಿಯುತ್ತಿರಲಿಲ್ಲ. ಮೊದಲು ಮೈ ಕೆಂಪಾಗುತ್ತಿತ್ತು. ಆಮೇಲೆ ಅವರ ಬಾಯಿಂದ ಇನ್ಯಾರದೋ ದನಿ ಬರುತ್ತಿತ್ತು. ಕೊನೆಗೆ ಎದ್ದು ಬಯಲಿನ ಕಡೆ ನಡೆದುಬಿಡುತ್ತಿದ್ದರು. ಕರೆದರೂ ತಿರುಗುತ್ತಿರಲಿಲ್ಲ. ಅದಕ್ಕೇ, ಹೊತ್ತು ನೆತ್ತಿಗೇರಿದ ಮೇಲೆ ಯಾರೂ ಓಡಕೂಡದು ಅಂತ ಊರಿನ ಕಟ್ಟಪ್ಪಣೆ.

ಹುಲಿಗೆವ್ವನ ತಮ್ಮ ದುರುಗ ಒಂದು ದಿನ ಅದನ್ನು ಮರೆತ. ಕರು ಹಗ್ಗ ಕಿತ್ತುಕೊಂಡು ಓಡಿತು, ಇವನೂ ಹಿಂದೆ ಓಡಿದ. ಕರುವೇನೋ ಸಿಕ್ಕಿತು. ದುರುಗ ಮಾತ್ರ ಗುಡಿಸಲಿಗೆ ಬಂದವನೇ ಕೆಂಪು ಕೆಂಪು ಮುಖ ಮಾಡಿಕೊಂಡು ಗೋಡೆಯನ್ನೇ ನೋಡುತ್ತ ಕೂತ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಹುಲಿಗೆವ್ವ.

ಊರವರು ಹೊಸ್ತಿಲಾಚೆಯೇ ನಿಂತು, ಇನ್ನಷ್ಟು ಮೇಣ ಬಳಿ ಅಂದರು. ಅವಳು ಮೇಣ ಹಿಡಿದು ಹತ್ತಿರ ಹೋದಳು. ದುರುಗನ ತುಟಿ ಅಲುಗಿತು. ದನಿ ಅವನದಲ್ಲ, ಒಣಗಿದ ಎಲೆ ನೆಲದ ಮೇಲೆ ಸರಿದ ಹಾಗಿತ್ತು.

"ಅಕ್ಕಾ, ನಾನು ಹೊರಗಿನಿಂದ ಬಂದಿಲ್ಲ. ಇವನ ಓಟದಲ್ಲೇ ಹುಟ್ಟಿದ ಧಗೆ ನಾನು. ಒಳಗಿಂದ ಬಡಿದೂ ಬಡಿದೂ ಸಾಕಾಯಿತು. ಬಾಗಿಲೇ ಇಲ್ಲ."

ಹುಲಿಗೆವ್ವನ ಕೈಯಿಂದ ಮೇಣ ಜಾರಿತು. ದುರುಗ ಎದ್ದು ಬಯಲಿನ ಕಡೆ ತಿರುಗಿದ. ಅವಳು ಅವನ ಸೊಂಟ ಗಟ್ಟಿಯಾಗಿ ಹಿಡಿದುಕೊಂಡಳು.

ಆಗ ಮೂಲೆಯಲ್ಲಿದ್ದ ನೀರಿನ ಮಡಕೆ ಮೆಲ್ಲಗೆ ಮಾತಾಡಿತು. ತನ್ನ ಮೈಯೆಲ್ಲ ಕಣ್ಣಿಗೆ ಕಾಣದ ತೂತು, ಅದರಲ್ಲಿ ನೀರು ಜಿನುಗುತ್ತದೆ, ಗಾಳಿ ಆ ನೀರನ್ನು ಕುಡಿದು ಹೋಗುವಾಗ ಬಿಸಿಯನ್ನೂ ಕರೆದುಕೊಂಡು ಹೋಗುತ್ತದೆ, ಅದಕ್ಕೇ ತಾನು ತಂಪು ಎಂದಿತು.

ಅವಳು ತಮ್ಮನನ್ನು ಎಳೆದು ಕೂರಿಸಿ, ಮೈಮೇಲಿನ ಮೇಣವನ್ನೆಲ್ಲ ಕೆರೆದು ತೆಗೆದಳು. ಜಾಲಿಮುಳ್ಳು ಹಿಡಿದು ಹಣೆಗೆ, ಬೆನ್ನಿಗೆ, ಅಂಗೈಗೆ ಚುಚ್ಚಿದಳು. ಚುಚ್ಚುತ್ತ ಅತ್ತಳು. ರಕ್ತ ಬರಲಿಲ್ಲ. ಏನೂ ಬರಲಿಲ್ಲ.

"ಬರಿಗೈಯಲ್ಲಿ ಕಳಿಸುತ್ತೀಯಾ?" ಅಂದಿತು ಒಳಗಿನ ದನಿ.

ಹೌದಲ್ಲ, ಮನೆಯಿಂದ ಹೊರಟವರನ್ನು ಯಾರಾದರೂ ಬರಿಗೈಯಲ್ಲಿ ಕಳಿಸುತ್ತಾರಾ? ಅವಳು ಮಡಕೆಯ ನೀರಿಗೆ ಚಿಟಿಕೆ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸಿದಳು. ಒಂದೊಂದು ತೂತಿನಲ್ಲೂ ಒಂದೊಂದು ಹನಿ ಮೂಡಿತು. ಗಾಳಿ ಗುಡಿಸಲೊಳಗೆ ಬಂತು. ಒಂದೊಂದೇ ಹನಿ ಎತ್ತಿಕೊಂಡು ಧಗೆ ಗಾಳಿಯ ಜೊತೆ ಹೊರಟಿತು. ಅದು ದಾಟಿ ಹೋಗುವಾಗ ಬಾಗಿಲಲ್ಲಿ ನಿಂತವರಿಗೆಲ್ಲ ಮೈ ಜುಂ ಅಂದಿತು.

"ಅಕ್ಕಾ, ಇನ್ನೊಂಚೂರು ನೀರು ಕೊಡು" ಅಂದ ದುರುಗ. ದನಿ ಅವನದೇ.

ಅಂದಿನಿಂದ ಎಲ್ಲ ಮಕ್ಕಳೂ ಆ ತೂತುಗಳನ್ನು ಹೊತ್ತೇ ಹುಟ್ಟುತ್ತವೆ. ಗಾಳಿಯಾಡದ ಸೆಕೆಯ ದಿನ ಧಗೆ ಬೇಗ ಹೊರಡುವುದಿಲ್ಲ, ಹೊಸ್ತಿಲ ಮೇಲೇ ಕೂರುತ್ತದೆ. ನೀನು ಬಿಸಿಲಲ್ಲಿ ಆಡಿ ಬಂದು ನಿಂತಾಗ ಹಣೆ ತುಂಬ ಉಪ್ಪು ಹನಿ ಮೂಡಿ, ಕತ್ತಿನ ಹಿಂದೆ ಯಾರೋ ಉಸಿರು ಬಿಟ್ಟಷ್ಟು ತಣ್ಣಗಾಗುತ್ತದಲ್ಲ, ಅದು ಧಗೆ ನಿನ್ನಿಂದ ಹೊರಟಿರುವುದು. ಕೊಡುವುದಕ್ಕೆ ಮೈಯಲ್ಲಿ ನೀರಿಲ್ಲದಿದ್ದರೆ ಮಾತ್ರ ಅದು ಇವತ್ತಿಗೂ ಹೋಗುವುದಿಲ್ಲ.