ತಾತನ ಪ್ರಲಾಪ

ವಿದ್ಯುತ್ ಕಚೇರಿಯ ಹವ್ಯಾಸಿ ತಂಡದಿಂದ ಗೌರವಧನ ಪಡೆದ ಮೇಲೆ ನಾಟಕಕಾರ ನಂಜರಾಜಯ್ಯನವರು ಷರತ್ತು ಹಾಕಿದರು: "ಒಂದೇ ಒಂದು ಮಾತು ಬಿಟ್ಟರೂ ಪ್ರದರ್ಶನದ ಅನುಮತಿ ರದ್ದು."

ನಾಟಕದಲ್ಲಿ ತಾತನ ಪಾತ್ರದ ಪ್ರಲಾಪವೇ ಮೂರು ಪುಟವಿತ್ತು. ಅದನ್ನು ಬಾಯಿಪಾಠ ಮಾಡುವ ನಟ ತಂಡದಲ್ಲಿರಲಿಲ್ಲ. ಕೂತು ಕೇಳುವ ಪ್ರೇಕ್ಷಕ ಊರಿನಲ್ಲೇ ಇರಲಿಲ್ಲ. ನಾಟಕ ನಿಂತಂತೆಯೇ ಎಂದು ಎಲ್ಲರೂ ಕೈಚೆಲ್ಲಿದರು.

ಟೈಪಿಸ್ಟ್ ಸರ್ವಮಂಗಳಾ ಮಾತ್ರ ಕೈಮುಗಿದಳು. "ಸಾರ್, ಇದನ್ನ ನಿಮ್ಮ ಹಾಗೆ ಇನ್ಯಾರು ಹೇಳ್ತಾರೆ? ತಾತನ ಪಾರ್ಟು ನೀವೇ ಮಾಡಿಬಿಡಿ."

ನಂಜರಾಜಯ್ಯ ಉಬ್ಬಿಹೋದರು. ಪ್ರದರ್ಶನದ ದಿನ ಬಿಳಿಗಡ್ಡ ಅಂಟಿಸಿಕೊಂಡು ನಾಲ್ಕು ಸಾಲು ಗುಡುಗಿದರು. ಐದನೆಯದು ಬರಲಿಲ್ಲ. ಬೆವರುತ್ತಾ ಪರದೆಯ ಪಕ್ಕಕ್ಕೆ ಸರಿದರು. ಅಲ್ಲಿ ಮಾತು ಹೇಳಿಕೊಡಲು ಸರ್ವಮಂಗಳಾ ಪುಸ್ತಕ ಹಿಡಿದು ನಿಂತಿದ್ದಳು.

"ಒಂದು ಮಾತೂ ಬಿಡಬಾರದಲ್ವಾ ಸಾರ್? ಐದನೇ ಸಾಲಿಂದ ಹೇಳಿಕೊಡ್ಲಾ?"

"ಕೊನೇ ಸಾಲಿಂದ ಹೇಳು ತಾಯಿ!"