ಮಾಚಯ್ಯನ ಕೋವಿಯ ಅಳತೆ

ಕೋವಿಗಳನ್ನು ಕೈಯಲ್ಲೇ ಮಾಡುತ್ತಿದ್ದ ಕಾಲದ ಮಾತು. ಕಾಡಂಚಿನ ಹೊಳೆ ದಂಡೆಯಲ್ಲಿ ಈರಾಚಾರಿ ಎಂಬ ಮುದುಕ ಒಬ್ಬನೇ ಇದ್ದ. ಒಂದು ಕುಲುಮೆ, ಒಂದು ಗುಡಿಸಲು, ಅಷ್ಟೇ.

ಅವನಿಂದ ಕೋವಿ ಬೇಕಾದವರು ಅವನ ಬಳಿಯೇ ಇದ್ದು, ಕಲಿತು, ತಮ್ಮ ಕೈಯಾರೆ ಮಾಡಿಕೊಳ್ಳಬೇಕಿತ್ತು. ಹೆಚ್ಚಿನವರು ಅರ್ಧಕ್ಕೇ ಓಡಿಹೋಗುತ್ತಿದ್ದರು. ಬೇಟೆಗಾರ ಮಾಚಯ್ಯ ಓಡಲಿಲ್ಲ. ಅವನಿಗೆ ಓಡಿಹೋಗಲು ಜಾಗವೂ ಇರಲಿಲ್ಲ ಅನ್ನಿ.

ಮರದ ಹಿಡಿ ಕೆತ್ತಿದ್ದಾಯಿತು. ನಳಿಗೆಯ ಕಬ್ಬಿಣ ಕಾಸಿ ಬಡಿದದ್ದಾಯಿತು. ಬೈರಿಗೆ ಹಾಕಿ ತೂತು ಕೊರೆಯುವುದೊಂದೇ ಬಾಕಿ. ಅಲ್ಲಿಗೆ ಬಂದು ಮಾಚಯ್ಯ ಕೈಕಟ್ಟಿ ಕೂತುಬಿಟ್ಟ.

"ಗುರುಗಳೇ, ಬಾಯಿ ಎಷ್ಟು ಅಗಲ ಇಡಲಿ?"

"ಏನು ಹೊಡೀತೀಯ?"

"ಕಡವೆ."

"ಎಲ್ಲಿಂದ?"

ಮಾಚಯ್ಯ ಹೊಳೆಯಾಚೆಯ ಗುಡ್ಡ ತೋರಿಸಿದ. ಅಲ್ಲಿ ಕಡವೆಗಳು ನೆಕ್ಕಲು ಬರುವ ಉಪ್ಪುಮಣ್ಣಿನ ಜಾಗವಿತ್ತು. "ಈ ದಿಬ್ಬದ ಮೇಲಿಂದ ಅಲ್ಲಿಗೆ."

"ಅಲ್ಲಿ ನಿಂತಿರೋದು ಕಡವೆಯೋ ನಿನ್ನ ಮಾವನೋ ಅಂತಾನೂ ಗೊತ್ತಾಗಲ್ಲವಲ್ಲೋ."

"ನನ್ನ ಕಣ್ಣು ಚೆನ್ನಾಗಿದೆ."

"ಸರಿ, ಯೋಚನೆ ಮಾಡು," ಎಂದು ಗುರು ಕುಲುಮೆಯ ತಿದಿ ಒತ್ತಲು ಹೋದ.

ಮಾಚಯ್ಯ ಯೋಚಿಸಿದ. ಸಣ್ಣ ಗುಂಡು ನೇರ ಹೋಗುತ್ತದೆ, ಆದರೆ ಅಷ್ಟು ದೂರ ಹೋಗುವಷ್ಟರಲ್ಲಿ ಬಲ ಉಳಿಯುವುದಿಲ್ಲ. ದಪ್ಪ ಗುಂಡಿಗೆ ಬಲವಿದೆ, ಆದರೆ ದಾರಿಯಲ್ಲೇ ಬಾಗುತ್ತದೆ. ಅದನ್ನು ನೇರ ಕಳಿಸುವಷ್ಟು ಮದ್ದು ತುಂಬಿದರೆ ಹೊಡೆದವನ ಹೆಗಲೇ ಕಳಚುತ್ತದೆ. ಅಳೆದೂ ಸುರಿದೂ ಮಾಡುತ್ತಾ ಮಾಗಿ ಚಳಿ ಕಳೆಯಿತು. ನಳಿಗೆ ಮೂಲೆಯಲ್ಲೇ ಒರಗಿತ್ತು.

ಒಂದು ಸಂಜೆ ಗಂಜಿ ಕುಡಿಯುವಾಗ ಗುರು ಕೇಳಿದ. "ಅಷ್ಟು ದೂರ ಯಾಕೆ?"

"ಹತ್ತಿರ ಹೋದರೆ ಕಡವೆ ಬೆದರತ್ತೆ."

"ಕಡವೆ ವಿಷಯ ಬಿಡು. ನಿನ್ನದು ಹೇಳು."

ಮಾಚಯ್ಯ ತಟ್ಟೆ ಕೆಳಗಿಟ್ಟ.

ಆ ಸೀಮೆಯ ಬೇಟೆಗೊಂದು ಕಟ್ಟಳೆಯಿತ್ತು. ಗುಂಡು ಹೊಡೆದವನೇ ಮೊದಲು ಪ್ರಾಣಿಯ ಬಳಿ ಹೋಗಬೇಕು, ಒಬ್ಬನೇ ಹೋಗಬೇಕು. ಅದರ ಉಸಿರು ನಿಲ್ಲುವ ಮೊದಲು ಬಾಯಿಗೆ ನೀರು ಬಿಡಬೇಕು. ಅಲ್ಲಿಯವರೆಗೆ ಜೊತೆಗಾರರು ದೂರ ನಿಂತು ಕಾಯುತ್ತಾರೆ.

"ಎಲ್ಲ ಸಲವೂ ನೀರು ಹಾಗೇ ಹೊರಗೆ ಹರಿದುಹೋಗ್ತಿತ್ತು," ಎಂದ ಮಾಚಯ್ಯ. "ಒಂದು ಹೆಣ್ಣು ಕಡವೆ ಕುಡೀತು, ಗುರುಗಳೇ. ನನ್ನ ಮುಖ ನೋಡ್ತಾ ಕುಡೀತು. ಇನ್ನೂ ಬೇಕು ಅನ್ನೋ ಹಾಗೆ ನಾಲಿಗೆ ಚಾಚ್ತು."

"ಆಮೇಲೆ?"

"ಮುಂದಿನ ಬೇಟೇಲಿ ಹೊಡೆದೆ, ಹತ್ತಿರ ಹೋಗಲಿಲ್ಲ. ಕಾಲೇ ಬರಲಿಲ್ಲ. ನೀರು ಬಿಡದವನ ಜೊತೆ ಯಾರು ಬರ್ತಾರೆ? ಮದುವೆ ಮನೇಲೂ ನನ್ನ ಎಲೆ ಪಂಕ್ತಿಯ ಕೊನೆಗೆ ಬಂತು. ಪಕ್ಕದಲ್ಲಿ ಕೂತವನು ಎದ್ದು ಬೇರೆ ಕಡೆ ಹೋದ."

"ಬೇಟೆ ಬಿಡಬಹುದಲ್ಲ."

"ನನಗೆ ಬೇರೇನೂ ಬರಲ್ಲ. ದೂರದಿಂದ ಹೊಡೆದರೆ, ನಾನು ಹೋಗೋ ಹೊತ್ತಿಗೆ ಎಲ್ಲಾ ಮುಗಿದಿರತ್ತೆ."

ಗುರು ಒಲೆಯ ಕೊಳ್ಳಿಯನ್ನು ಒಳಕ್ಕೆ ತಳ್ಳಿದ.

"ಅಂಥ ಕೋವಿಯೊಂದನ್ನ ನಾನೂ ಮಾಡ್ಕೊಂಡಿದ್ದೆ," ಎಂದ. "ಬಲು ಚೆನ್ನಾಗಿ ಹೊಡೀತಿತ್ತು. ಜೊತೆಗೆ ಯಾರೂ ಬೇಕಾಗಲಿಲ್ಲ. ಆಮೇಲೆ ಕರೆದರೂ ಯಾರೂ ಜೊತೆಗೆ ಬರಲಿಲ್ಲ."

ಆ ಗುಡಿಸಲಿನಲ್ಲಿ ಎರಡನೇ ತಟ್ಟೆ ಇರಲಿಲ್ಲವೆಂದು, ಬಂದ ದಿನ ತಾನೇ ಒಂದು ಮಾಡಿಕೊಂಡದ್ದು ಮಾಚಯ್ಯನಿಗೆ ನೆನಪಾಯಿತು.

ಬೆಳಗಾದಾಗ ಗುರು ಕೋಲು ಹಿಡಿದು ಹೊರಟ.

"ನಾನು ಆ ಉಪ್ಪುಮಣ್ಣಿನ ಹತ್ರ ಹೋಗಿ ಕೂತಿರ್ತೀನಿ. ನೀನು ದಿಬ್ಬ ಹತ್ತಿ ನನ್ನನ್ನ ನೋಡ್ತಿರು. ಕೂಗಿದಾಗ ಬಾ. ಬಂದಮೇಲೆ ಅಳತೆ ಹೇಳ್ತೀನಿ."

ಮಾಚಯ್ಯ ದಿಬ್ಬ ಹತ್ತಿ ಕೂತ. ಹೊಳೆ ದಾಟಿದ ಮುದುಕ ಮರಗಳಲ್ಲಿ ಮರೆಯಾದ. ಬಹಳ ಹೊತ್ತಿನ ಮೇಲೆ ಆಚೆ ಗುಡ್ಡದಲ್ಲಿ ಎಳ್ಳುಕಾಳಿನಷ್ಟು ಬಿಳಿ ಪಂಚೆ ಕಾಣಿಸಿತು. ಅದು ಸ್ವಲ್ಪ ಓಡಾಡಿತು, ನೆಲಕ್ಕೆ ಕುಳಿತಿತು.

ಬಿಸಿಲು ಏರಿತು. ಬಿಳಿ ಚುಕ್ಕೆ ಕದಲಲಿಲ್ಲ. ಗುರುಗಳು ಧ್ಯಾನಕ್ಕೆ ಕೂತಿದ್ದಾರೆ ಎಂದುಕೊಂಡು ಮಾಚಯ್ಯ ಭಕ್ತಿಯಿಂದ ಕೈ ಮುಗಿದ. ಆಮೇಲೆ ಬುತ್ತಿ ಬಿಚ್ಚಿ ಉಂಡ. ನಿಜ ಹೇಳಬೇಕೆಂದರೆ ಒಂದು ಕಣ್ಣು ನಿದ್ದೆಯನ್ನೂ ಮಾಡಿದ.

ಎದ್ದಾಗ ಹೊತ್ತು ಇಳಿದಿತ್ತು. ಚುಕ್ಕೆ ಅಲ್ಲೇ ಇತ್ತು. ಈಗ ಅದು ಉದ್ದಕ್ಕೆ ಮಲಗಿತ್ತು.

ಮಾಚಯ್ಯ ಕೂಗಿದ. ಅವನ ಕೂಗು ಹೊಳೆಯ ಸದ್ದಿನಲ್ಲೇ ಮುಳುಗಿಹೋಯಿತು. ಎದ್ದುಬಿದ್ದು ದಿಬ್ಬ ಇಳಿದ, ಹೊಳೆಗೆ ಬಿದ್ದ, ಮುಳ್ಳುಕಂಟಿಗಳಲ್ಲಿ ಮೈ ಪರಚಿಕೊಂಡು ಓಡಿದ. ಗುಡ್ಡದ ಅರ್ಧದಲ್ಲಿ ಒಂದು ಬಿದಿರು ಮೆಳೆ. ಅದನ್ನು ದಾಟಿದ ಮೇಲೆ ಅವನ ಕಿವಿಗೆ ಒಂದು ದನಿ ಬಿತ್ತು.

"ಮಾಚಯ್ಯಾ... ಮಾಚಯ್ಯಾ..."

ಕೂಗಿ ಕೂಗಿ ಒಡೆದುಹೋದ ದನಿ.

ಗುರು ಬಂಡೆಗೆ ತಲೆಯಿಟ್ಟು ಬಿದ್ದಿದ್ದ. ಕಾಲಿನ ಗಿಣ್ಣು ಉಳುಕಿ ಊದಿ ಕೊಡದಂತಾಗಿತ್ತು. ತುಟಿ ಒಣಗಿ ಬಿರುಕು ಬಿಟ್ಟಿತ್ತು.

"ಯಾವಾಗ ಬಿದ್ದಿರಿ?"

"ಬಿಸಿಲು ಏರೋಕೂ ಮುಂಚೆ. ನಿನ್ನ ದಿಬ್ಬದ ಕಡೆ ನೋಡ್ತಾ ಕೂಗ್ತಿದ್ದೆ."

"ಕೇಳಿಸಲಿಲ್ಲ, ಗುರುಗಳೇ. ನಾನು... ಧ್ಯಾನ ಅಂದ್ಕೊಂಡೆ."

"ನನ್ನ ನೀರೆಲ್ಲ ಬಿದ್ದಾಗಲೇ ಚೆಲ್ಲಿಹೋಯ್ತು," ಎಂದ ಗುರು.

ಮಾಚಯ್ಯ ಸೊಂಟದ ಸೋರೆಬುರುಡೆ ಬಿಚ್ಚಿ ಗುರುವಿನ ಬಾಯಿಗೆ ಹಿಡಿದ. ಗುರು ಗಟಗಟನೆ ಕುಡಿದ, ಶಿಷ್ಯನ ಮುಖವನ್ನೇ ನೋಡುತ್ತಾ ಕುಡಿದ. ಮಾಚಯ್ಯನಿಗೆ ಕಣ್ಣು ತಪ್ಪಿಸಬೇಕೆನ್ನಿಸಿತು. ತಪ್ಪಿಸಲಿಲ್ಲ. ಬುರುಡೆ ಬರಿದಾಗುವವರೆಗೂ ಹಾಗೇ ಹಿಡಿದಿದ್ದ, ಅಳುತ್ತಿದ್ದ.

ಆಮೇಲೆ ಮುದುಕನನ್ನು ಬೆನ್ನಿಗೆ ಹಾಕಿಕೊಂಡು ಗುಡ್ಡ ಇಳಿಯತೊಡಗಿದ. ಮುದುಕ ಅಷ್ಟು ಹಗುರ ಎಂದು ಅವನಿಗೆ ತಿಳಿದಿರಲಿಲ್ಲ.

ಬಿದಿರು ಮೆಳೆಯ ಹತ್ತಿರ ಉಸಿರು ಸುಧಾರಿಸಿಕೊಳ್ಳಲು ನಿಂತ. ತಿರುಗಿ ನೋಡಿದ. ಗುರು ಬಿದ್ದಿದ್ದ ಬಂಡೆ ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು.

"ನಳಿಗೆಯ ಅಳತೆ ಹೇಳ್ತೀನಿ ಅಂದಿದ್ರಿ," ಎಂದ ಮೆಲ್ಲಗೆ.

ಬೆನ್ನ ಮೇಲಿನ ಮುದುಕ ಕೇಳಿದ. "ನನ್ನ ಕೂಗು ನಿನಗೆ ಮೊದಲು ಕೇಳಿಸಿದ್ದು ಎಲ್ಲಿ?"

"ಇಲ್ಲೇ."

"ಇಲ್ಲಿಂದ ಆ ಬಂಡೆಗೆ ಹೊಡೆಯೋಕೆ ಬಾಯಿ ಎಷ್ಟು ಅಗಲ ಬೇಕೋ, ಅಷ್ಟೇ ಕೊರಿ."