ಹಚ್ಚದೆ ಉಳಿದ ಹಣತೆಗಳು

ಹೊಳೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಮೌನೇಶಜ್ಜ ಎಂಬ ಗುರು, ಗುರುಪಾದ ಎಂಬ ಶಿಷ್ಯ.

ಅಜ್ಜನಿಗೆ ದೊಡ್ಡ ದೊಡ್ಡ ಉಪದೇಶ ಬರುತ್ತಿರಲಿಲ್ಲ. ಕಷ್ಟದಲ್ಲಿದ್ದವರು ಸಂಜೆಗೆ ಬಂದು ತಮ್ಮವರ ಹೆಸರು ಹೇಳುತ್ತಿದ್ದರು. ಅಜ್ಜ ಆ ಹೆಸರನ್ನು ತಾವೂ ಒಮ್ಮೆ ಹೇಳಿ, ಹೊಳೆಯ ಮೆಟ್ಟಿಲ ಮೇಲೆ ಹಣತೆ ಹಚ್ಚಿ, ಅದು ತಾನಾಗಿ ಶಾಂತವಾಗುವವರೆಗೆ ಪಕ್ಕದಲ್ಲಿ ಕೂರುತ್ತಿದ್ದರು. ಇನ್ನೊಂದು ಹೆಸರು ಆಮೇಲೆಯೇ. ಅವಸರದವರು ಆ ಕಡೆ ಹಾಯುತ್ತಿರಲಿಲ್ಲ.

ಗುರುಪಾದನಿಗೆ ಅವಸರವಿತ್ತು. ಒಂದು ಸಂಜೆ ಉರಿಯುವ ಹಣತೆಯನ್ನೂ ಹಿಂದಿನ ಹೊಳೆಯನ್ನೂ ಫೋನಿನಲ್ಲಿ ಹಿಡಿದು ವಿಡಿಯೋ ಹಾಕಿದ. ನಿಮ್ಮವರ ಹೆಸರು ಕಾಮೆಂಟಿನಲ್ಲಿ ಬರೆಯಿರಿ, ಇಲ್ಲಿ ದೀಪ ಹಚ್ಚುತ್ತೇವೆ ಎಂದ.

ಸುಳ್ಳು ಹೇಳಬಾರದು, ಮೊದಮೊದಲು ಹಚ್ಚಿದ. ಹೆಸರು ಹೆಚ್ಚಾದಂತೆ ಕೂರಲು ಪುರಸೊತ್ತು ಸಿಗಲಿಲ್ಲ. ಹಳೆಯ ವಿಡಿಯೋವನ್ನೇ ಎಲ್ಲರಿಗೂ ಕಳಿಸತೊಡಗಿದ. ಕೊನೆಗೆ, ಯಾರು ಏನು ಬರೆದರೂ ‘ನಿಮ್ಮವರ ಹೆಸರಿನಲ್ಲಿ ದೀಪ ಬೆಳಗಿದೆ’ ಎಂದು ಫೋನೇ ಉತ್ತರ ಕೊಡುವಂತೆ ಮಾಡಿಟ್ಟ. ಬಾಯಿಮಾತಿಗೆ ಎಣ್ಣೆ ಬೇಕೇ, ಬತ್ತಿ ಬೇಕೇ? ಜನ ಕೈಮುಗಿದರು. ಚಾನೆಲ್ ಬೆಳೆಯಿತು.

ಅಜ್ಜ ಒಮ್ಮೆ ಕೇಳಿದ್ದರು. “ಇಷ್ಟು ಹೆಸರು ಬರತಾವಂತ. ದೀಪದ ಮುಂದ ಯಾವಾಗ ಕೂಡತಿ ನೀ?”

“ಅಜ್ಜಾರ, ಮಂದಿಗೆ ಬೇಕಾಗಿದ್ದು ನಂಬಿಕಿ. ಅದು ಸಿಕ್ಕರ ಸಾಕಲ್ರಿ.”

“ನಂಬಿಕಿ ಅವರ ಹತ್ರ ಮೊದಲ ಇತ್ತು. ನಿನ್ನ ಕೇಳಿದ್ದು ಪಣತಿ ಹಚ್ಚು ಅಂತ.”

ಗುರುಪಾದ ನಕ್ಕ. ಕಾಲ ಬದಲಾಗಿದ್ದು ಅಜ್ಜನಿಗೆ ತಿಳಿಯದು ಎಂದುಕೊಂಡ.

ಅಷ್ಟರಲ್ಲಿ ಪಟ್ಟಣದ ಒಂದು ಕಂಪನಿ ಅವನನ್ನು ಕರೆಯಿತು. ಭಕ್ತಿಯ ವಿಡಿಯೋಗಳನ್ನೆಲ್ಲ ಅವನೇ ನೋಡಿಕೊಳ್ಳಬೇಕು, ಅವನ ಕೈಕೆಳಗೆ ಜನ ಇರುತ್ತಾರೆ. ಹುಟ್ಟಿದಾಗಿನಿಂದ ಯಾರೂ ಅವನನ್ನು ಹೀಗೆ ಹುಡುಕಿಕೊಂಡು ಬಂದಿರಲಿಲ್ಲ. ಖುಷಿಯಲ್ಲಿ ಅನ್ನ ಸೇರಲಿಲ್ಲ.

ಹೊರಡುವ ಹಿಂದಿನ ಸಂಜೆ ಅಜ್ಜನ ಕಾಲಿಗೆ ಬಿದ್ದ.

“ನಾಳೆ ಮುಂಜಾನಿ ಗಾಡಿ ಬರತೈತ್ರಿ. ಅಪ್ಪಣಿ ಕೊಡ್ರಿ ಅಜ್ಜಾರ.”

“ಹೋಗು. ನಿನ್ನ ಪಣತಿ ಇಲ್ಲೆ ಬಿಟ್ಟು ಹೋಗಬ್ಯಾಡ.”

“ನನ್ನವು ಯಾವ ಪಣತಿ ಅದಾವ್ರಿ?”

“ಮೆಟ್ಟಲಕ್ಕ ಬಂದು ನಿಂತಾವಲ್ಲ. ಭಾಳ ದಿನ ಆತು. ನೀ ತಲಿ ಎತ್ತಿ ನೋಡಿಲ್ಲ.”

ಗುರುಪಾದ ಅಜ್ಜನ ಹಿಂದೆ ಮೆಟ್ಟಿಲಿಳಿದ. ಹೊತ್ತು ಮುಳುಗಿತ್ತು. ಆ ಹೊತ್ತಿಗೆ ವಟಗುಟ್ಟುವ ಕಪ್ಪೆಗಳು ಅಂದು ಸುಮ್ಮನಿದ್ದವು.

ನೀರಿನ ಮೇಲೆ ಹಣತೆಗಳಿದ್ದವು. ಕಣ್ಣು ಹೋದಷ್ಟು ದೂರ ಅವೇ. ಒಂದರಲ್ಲೂ ಉರಿಯಿಲ್ಲ. ಎಣ್ಣೆ ತುಂಬಿದೆ, ಬತ್ತಿ ಬೆಳ್ಳಗಿದೆ.

ಹೊಳೆ ಪೂರ್ವಕ್ಕೆ ಹರಿಯುತ್ತಿತ್ತು. ಅವು ಪೂರ್ವದಿಂದ ಬರುತ್ತಿದ್ದವು. ಬಂದು ಕಲ್ಲಿಗೆ ತಾಗುತ್ತಿದ್ದವು, ಟಕ್, ಟಕ್, ಒಳಗಿನವರು ಮಲಗಿದ್ದಾರೇನೋ ಎಂದು ಮೆಲ್ಲಗೆ ಬಾಗಿಲು ತಟ್ಟಿದ ಹಾಗೆ.

ಗುರುಪಾದ ಒಂದು ಮೆಟ್ಟಿಲು ಹಿಂದೆ ಸರಿದ. “ಯಾರು ಬಿಟ್ಟಾರ್ರಿ ಇವನ್ನ?”

“ನೀನ.”

“ಖರೇ ಹೇಳತೇನ್ರಿ, ನಾ ಒಂದೂ ಬಿಟ್ಟಿಲ್ಲ.”

“ಹೆಸರು ಕೊಟ್ಟವರಿಗೆ ಹಂಗ ಹೇಳಿದ್ದೇನು?”

ಗುರುಪಾದ ಬಗ್ಗಿ ಒಂದನ್ನು ಎತ್ತಿಕೊಂಡ. ಉರಿಯದ ಹಣತೆ, ತಣ್ಣನೆಯ ನೀರಿನಲ್ಲಿ ಬಂದದ್ದು, ಅಂಗೈಯಲ್ಲಿ ಬಿಸಿಯಾಗಿತ್ತು. ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತಾಯಿತು. ಕೈಬಿಡಬೇಕೆನಿಸಿತು, ಬಿಡಲು ಧೈರ್ಯ ಬರಲಿಲ್ಲ.

ಕಡ್ಡಿ ಗೀರಿ ಬತ್ತಿಗೆ ಹಿಡಿದ. ಗಾಳಿಯಿರಲಿಲ್ಲ. ಕಡ್ಡಿ ಬೆರಳು ಸುಡುವ ತನಕ ಉರಿಯಿತು. ಬತ್ತಿ ಬೆಳ್ಳಗೇ ಇತ್ತು.

“ಹತ್ತವಲ್ದು ಅಜ್ಜಾರ.”

“ಹೆಸರು ಹೇಳಿ ಹಚ್ಚು.”

“ಇದು ಯಾರದ್ರಿ?”

“ಅದನ್ನ ನಿನಗ ಹೇಳ್ಯಾರ. ನನಗಲ್ಲ.”

ಗುರುಪಾದ ನೆನಪು ಮಾಡಿಕೊಳ್ಳಲು ನೋಡಿದ. ಅಷ್ಟೊಂದು ಜನರಲ್ಲಿ ಒಬ್ಬರ ಹೆಸರೂ ನೆನಪಾಗಲಿಲ್ಲ. ಓದಿದ್ದರೆ ತಾನೇ? ಫೋನು ತೆಗೆದು ಕಾಮೆಂಟುಗಳನ್ನು ಸರಿಸತೊಡಗಿದ. ಒಂದು ಕಡೆ ಬೆರಳು ತಾನಾಗಿ ನಿಂತಿತು. ಯಾರೋ ಒಬ್ಬ ತಂದೆ ಬರೆದಿದ್ದ.

‘ಮಗಳು ಶಾಂಭವಿ. ಜ್ವರ ಬಿಡುತ್ತಿಲ್ಲ. ಅವಳ ಹೆಸರಿನಲ್ಲಿ ಒಂದು ದೀಪ ಹಚ್ಚಿ.’

ಕೆಳಗೆ ಉತ್ತರವಿತ್ತು. ‘ನಿಮ್ಮವರ ಹೆಸರಿನಲ್ಲಿ ದೀಪ ಬೆಳಗಿದೆ.’

‘ಗುರುಗಳೇ, ಇನ್ನೂ ಉರಿಯುತ್ತಿದೆಯೇ? ಅವಳಿಗೆ ಹೇಳಿದ್ದೇವೆ. ಎಚ್ಚರವಾದಾಗಲೆಲ್ಲ ದೀಪ ಇದೆಯಾ ಅಂತ ಕೇಳುತ್ತಾಳೆ.’

‘ನಿಮ್ಮವರ ಹೆಸರಿನಲ್ಲಿ ದೀಪ ಬೆಳಗಿದೆ.’

‘ಮಗು ಇವತ್ತು ಬೆಳಗ್ಗೆ ಹೋಯಿತು. ಇಷ್ಟು ದಿನ ನೋಡಿಕೊಂಡಿರಿ, ನಿಮಗೆ ಪುಣ್ಯ ಬರಲಿ. ಇನ್ನು ದೀಪ ಶಾಂತ ಮಾಡಿ.’

‘ನಿಮ್ಮವರ ಹೆಸರಿನಲ್ಲಿ ದೀಪ ಬೆಳಗಿದೆ.’

ಗುರುಪಾದ ಮೆಟ್ಟಿಲ ಮೇಲೆ ಕುಸಿದು ಕೂತ. ಅಜ್ಜ ಪಕ್ಕದಲ್ಲಿ ಕೂತರು, ಅಷ್ಟೇ.

ಗುರುಪಾದ ಹಣತೆಯನ್ನು ಮುಖದ ಹತ್ತಿರ ಹಿಡಿದು ಹೇಳಿದ. “ಶಾಂಭವಿ.”

ಕಡ್ಡಿ ಗೀರಿರಲಿಲ್ಲ. ಬತ್ತಿ ಹೊತ್ತಿಕೊಂಡಿತು.

ಕಲ್ಲಿಗೆ ತಾಗುತ್ತಿದ್ದ ಸದ್ದು ಒಮ್ಮೆಲೇ ನಿಂತಿತು. ಹೊಳೆಯ ಮೇಲಿದ್ದ ಹಣತೆಗಳೆಲ್ಲ ಇದ್ದಲ್ಲೇ ನಿಂತವು. ಅವುಗಳಿಗೆ ಕಣ್ಣಿರಲಿಲ್ಲ. ಆದರೂ ಅವು ತನ್ನನ್ನೇ ನೋಡುತ್ತಿವೆ ಎಂದು ಗುರುಪಾದನಿಗೆ ಗೊತ್ತಾಯಿತು.

ಕೈಯಲ್ಲಿ ಫೋನು ಗುಂಯ್‌ಗುಟ್ಟಿತು. ಕಂಪನಿಯವರ ಸಂದೇಶ. ಗಾಡಿ ಹೊರಟಿದೆ, ಬೆಳಕು ಹರಿಯುವ ಮುಂಚೆ ಸಿದ್ಧರಿರಿ ಎಂದಿತ್ತು.

ಗುರುಪಾದ ಎದ್ದು, ಫೋನನ್ನು ಹೊಳೆಗೆ ಎಸೆಯಲು ತೋಳು ಎತ್ತಿದ.

ಅಜ್ಜ ಅವನ ಮಣಿಕಟ್ಟು ಹಿಡಿದುಕೊಂಡರು.

“ಒಗಿಬ್ಯಾಡಪಾ. ಅವರ ಹೆಸರು ಅದರಾಗ ಅದಾವ. ಕೂಡು. ಇದು ಶಾಂತ ಆಗಲಿ, ಆಮ್ಯಾಲ ಮುಂದಿಂದು ಓದು.”